ಕದನಭೂಮಿಗೆ ವಿಮಾನಸಂಚಾರದ ಪುನರಾರಂಭ: ಮೊಗಾದಿಶು ನಗರದ ನಿದರ್ಶನ

೧. ವಿಷಯಪ್ರವೇಶ

ದೇಶವೊಂದರಲ್ಲಿ ಯುದ್ಧವು ತಲೆದೋರಿದೊಡನೆ ಮೊದಲು ನಿಂತುಹೋಗುವ ವ್ಯವಹಾರಗಳಲ್ಲಿ ನಾಗರಿಕ ವಿಮಾನಸಂಚಾರವೂ ಒಂದು. ಅದು ನಿಲ್ಲುವುದಕ್ಕೆ ಒಂದು ದಿನ ಸಾಕು. ಮತ್ತೆ ಮೊದಲಾಗುವುದಕ್ಕೆ ಕೆಲವು ವೇಳೆ ಒಂದು ತಲೆಮಾರೇ ಕಳೆಯಬೇಕಾಗುತ್ತದೆ. ಯುದ್ಧವು ಮುಗಿದ ಕೂಡಲೆ ವಿಮಾನಗಳು ತಾವಾಗಿಯೇ ಮರಳಿಬರುವುವೆಂಬುದು ಸಾಮಾನ್ಯವಾದ ತಿಳಿವಳಿಕೆ. ನಡೆದಿರುವ ಸಂಗತಿಗಳನ್ನು ನೋಡಿದರೆ ಶಾಂತಿಗೂ ವಿಮಾನಸಂಚಾರಕ್ಕೂ ಇರುವ ಸಂಬಂಧವು ಅಷ್ಟು ನೇರವಾದುದಲ್ಲವೆಂಬುದು ಕಂಡುಬರುತ್ತದೆ. ಬಾಸ್ನಿಯದ ಯುದ್ಧವನ್ನು ಕೊನೆಗಾಣಿಸಿದ ಒಪ್ಪಂದಕ್ಕೆ ೧೯೯೫ನೆಯ ಇಸವಿಯ ಡಿಸೆಂಬರಿನಲ್ಲಿ ರುಜುವಾಯಿತು. ಅಲ್ಲಿನ ರಾಜಧಾನಿಯಾದ ಸರಾಯೆವೊ ನಗರದ ವಿಮಾನನಿಲ್ದಾಣವು ನಾಗರಿಕರಿಗೆ ತೆರೆದುದು ೧೯೯೬ರ ಆಗಸ್ಟಿನಲ್ಲಿ. ಸೊಮಾಲಿಯದ ರಾಜಧಾನಿಯಾದ ಮೊಗಾದಿಶುವಿಗಾದರೋ ಕಾಳಗವು ಇನ್ನೂ ನಡೆಯುತ್ತಿದ್ದಾಗಲೇ, ೨೦೧೨ನೆಯ ಇಸವಿಯ ಮಾರ್ಚಿ ೬ರಂದು, ದೊಡ್ಡ ವಿದೇಶೀ ಕಂಪೆನಿಯೊಂದರ ವಿಮಾನವು ಇಪ್ಪತ್ತು ವರ್ಷಗಳಿಗೂ ಮೀರಿದ ಅಂತರದ ತರುವಾಯ ಬಂದಿಳಿಯಿತು.

ಒಂದೆಡೆ ಶಾಂತಿಯು ಬಂದ ಮೇಲೂ ವಿಮಾನವು ತಡೆಯಿತು. ಇನ್ನೊಂದೆಡೆ ಶಾಂತಿಗಿಂತ ಮೊದಲೇ ವಿಮಾನವು ಬಂದಿತು. ಇದಕ್ಕೆ ಕಾರಣವೇನು? ಅಪಾಯವು ಪೂರ್ಣವಾಗಿ ತೊಲಗಿರದ ನಾಡಿಗೆ ಮತ್ತೆ ಹಾರಬಹುದೆಂದು ನಿಶ್ಚಯಿಸುವವರು ಯಾರು? ಆ ನಿಶ್ಚಯವು ತಪ್ಪಾದರೆ ಅದರ ಹೊಣೆಯನ್ನು ಹೊರುವವರು ಯಾರು? ಈ ಪ್ರಶ್ನೆಗಳಿಗೆ ಮೊಗಾದಿಶುವಿನ ಚರಿತ್ರೆಯು ಸ್ಪಷ್ಟವಾದ ಉತ್ತರಗಳನ್ನು ಒದಗಿಸುತ್ತದೆ. ಅದನ್ನು ವಿವರಿಸುವುದಕ್ಕೆ ಮುಂಚೆ ವಿಮಾನಸಂಚಾರಕ್ಕೆ ಬೇಕಾದ ಅನುಮತಿಗಳ ಸ್ವರೂಪವನ್ನು ತಿಳಿಯುವುದು ಅವಶ್ಯಕ.

೨. ಆಕಾಶದ ಒಡೆತನ

೧೯೪೪ನೆಯ ಇಸವಿಯ ಡಿಸೆಂಬರಿನಲ್ಲಿ ಶಿಕಾಗೊ ನಗರದಲ್ಲಿ ಏರ್ಪಟ್ಟ ಒಡಂಬಡಿಕೆಯೇ ಇಂದಿನ ನಾಗರಿಕ ವಿಮಾನಯಾನದ ಮೂಲಶಾಸನ. ಪ್ರತಿಯೊಂದು ರಾಜ್ಯಕ್ಕೂ ತನ್ನ ನೆಲದ ಮೇಲಣ ಆಕಾಶದಲ್ಲಿ ಪೂರ್ಣವಾದ ಮತ್ತು ಅನನ್ಯವಾದ ಪ್ರಭುತ್ವವುಂಟೆಂದು ಅದರ ಮೊದಲನೆಯ ವಿಧಿಯು ಸಾರುತ್ತದೆ. ಸೈನ್ಯದ ಅಗತ್ಯಕ್ಕಾಗಲಿ ಜನರ ರಕ್ಷಣೆಗಾಗಲಿ ಆಕಾಶದ ಕೆಲವು ಭಾಗಗಳನ್ನು ಮುಚ್ಚುವ ಅಧಿಕಾರವನ್ನು ಒಂಬತ್ತನೆಯ ವಿಧಿಯು ಆಯಾ ರಾಜ್ಯಕ್ಕೇ ಕೊಟ್ಟಿದೆ. ಆದುದರಿಂದ ಕದನದಲ್ಲಿ ಸಿಕ್ಕಿರುವ ದೇಶದ ಆಕಾಶವು ಸುರಕ್ಷಿತವೇ ಅಲ್ಲವೇ ಎಂಬುದನ್ನು ಮೊದಲು ಹೇಳಬೇಕಾದುದು ಆ ದೇಶವೇ.

ಈ ಏರ್ಪಾಡಿನಲ್ಲಿ ಒಂದು ದೊಡ್ಡ ಕೊರತೆಯಿದೆ. ಆಕಾಶವನ್ನು ಮುಚ್ಚಿದರೆ ಮೇಲೆ ಹಾದುಹೋಗುವ ವಿಮಾನಗಳಿಂದ ಬರುವ ಶುಲ್ಕವು ನಿಲ್ಲುತ್ತದೆ. ತನ್ನ ನಾಡು ತನ್ನ ಹತೋಟಿಯಲ್ಲಿಲ್ಲವೆಂದು ಲೋಕದ ಮುಂದೆ ಒಪ್ಪಿಕೊಂಡಂತೆಯೂ ಆಗುತ್ತದೆ. ಹೀಗಿರಲು ಅಪಾಯವನ್ನು ಎಲ್ಲರಿಗಿಂತ ಮೊದಲು ಅರಿಯಬಲ್ಲ ರಾಜ್ಯವೇ ಅದನ್ನು ಪ್ರಕಟಿಸುವುದರಲ್ಲಿ ಎಲ್ಲರಿಗಿಂತ ಹಿಂದಾಗಬಹುದು. ೨೦೧೪ನೆಯ ಇಸವಿಯ ಜುಲೈ ೧೭ರಂದು ಮಲೇಷಿಯದ ವಿಮಾನವೊಂದು ಉಕ್ರೇನಿನ ಪೂರ್ವಭಾಗದ ಮೇಲೆ ಹೋಗುತ್ತಿರುವಾಗ ಕ್ಷಿಪಣಿಗೆ ತುತ್ತಾಗಿ ೨೯೮ ಮಂದಿ ಮಡಿದರು. ಅಂದು ಆ ಪ್ರದೇಶದ ಆಕಾಶವು ೩೨,೦೦೦ ಅಡಿಗಳವರೆಗೆ ಮಾತ್ರ ಮುಚ್ಚಲ್ಪಟ್ಟಿದ್ದಿತು. ವಿಮಾನವು ೩೩,೦೦೦ ಅಡಿಗಳಲ್ಲಿ ಹಾರುತ್ತಿದ್ದಿತು. ಆ ದಿನವೇ ಅದೇ ಪ್ರದೇಶದ ಮೇಲೆ ೧೬೦ ವಿಮಾನಗಳು ಹಾದುಹೋಗಿದ್ದುವು. ಆಕಾಶವನ್ನು ಪೂರ್ತಿಯಾಗಿ ಮುಚ್ಚುವುದಕ್ಕೆ ಸಾಕಷ್ಟು ಕಾರಣಗಳಿದ್ದುವೆಂದು ನೆದರ್ಲೆಂಡ್ಸಿನ ಸುರಕ್ಷತಾ ಮಂಡಲಿಯು ೨೦೧೫ರಲ್ಲಿ ತೀರ್ಮಾನಿಸಿತು. ೨೦೨೦ನೆಯ ಇಸವಿಯ ಜನವರಿ ೮ರಂದು ಟೆಹರಾನಿನಿಂದ ಹೊರಟ ಉಕ್ರೇನಿನ ವಿಮಾನವು ಇರಾನಿನ ಸೈನ್ಯದ ಕ್ಷಿಪಣಿಗಳಿಗೆ ಗುರಿಯಾಗಿ ೧೭೬ ಮಂದಿ ಸತ್ತಾಗಲೂ ಆಕಾಶವು ತೆರೆದೇ ಇದ್ದಿತು.

ಈ ಕಾರಣದಿಂದ ಅತಿಥೇಯ ರಾಜ್ಯದ ಮಾತೊಂದೇ ಸಾಲದು. ವಿಮಾನ ಕಂಪೆನಿಯು ಯಾವ ದೇಶಕ್ಕೆ ಸೇರಿದುದೋ ಆ ದೇಶದ ಸರ್ಕಾರವು ತನ್ನ ವಿಮಾನಗಳಿಗೆ ಅಲ್ಲಿಗೆ ಹೋಗಕೂಡದೆಂದು ನಿಷೇಧವನ್ನು ಹಾಕಬಹುದು, ಅಥವಾ ಎಚ್ಚರಿಕೆಯನ್ನು ಕೊಡಬಹುದು. ಕಂಪೆನಿಯು ತನ್ನದೇ ಆದ ವಿಚಾರಣೆಯನ್ನು ನಡೆಸಬೇಕು. ಚಾಲಕರೂ ಪರಿಚಾರಕರೂ ಹೋಗಲೊಪ್ಪಬೇಕು. ಇವರೆಲ್ಲರೂ ಒಪ್ಪಿದರೂ ವಿಮೆಗಾರನು ಒಪ್ಪದಿದ್ದರೆ ವಿಮಾನವು ನೆಲವನ್ನು ಬಿಟ್ಟು ಏಳಲಾರದು.

೩. ವಿಮೆಗಾರನ ಒಪ್ಪಿಗೆ

ವಿಮಾನಗಳಿಗೆ ಮಾಡಿಸುವ ಸಾಮಾನ್ಯ ವಿಮೆಯಲ್ಲಿ ಯುದ್ಧ, ದಂಗೆ, ಅಪಹರಣ ಮೊದಲಾದುವುಗಳಿಂದ ಆಗುವ ನಷ್ಟವು ಸೇರಿರುವುದಿಲ್ಲ. ಅದಕ್ಕೆ ಪ್ರತ್ಯೇಕವಾಗಿ ಹಣ ಕೊಟ್ಟು ಯುದ್ಧವಿಮೆಯನ್ನು ಮಾಡಿಸಬೇಕು. ಆ ವಿಮೆಯನ್ನು ಸಾಮಾನ್ಯವಾಗಿ ಏಳು ದಿನಗಳ ಮುನ್ಸೂಚನೆಯನ್ನು ಕೊಟ್ಟು ರದ್ದುಮಾಡುವ ಹಕ್ಕು ವಿಮೆಗಾರನಿಗುಂಟು. ೨೦೦೧ನೆಯ ಇಸವಿಯ ಸೆಪ್ಟೆಂಬರ್ ೧೧ರ ದುರಂತವಾದ ಬಳಿಕ ವಿಮೆಗಾರರು ಈ ಹಕ್ಕನ್ನು ಲೋಕಾದ್ಯಂತ ಒಮ್ಮೆಗೇ ಚಲಾಯಿಸಿ, ಮೂರನೆಯವರಿಗೆ ಸಲ್ಲುವ ಯುದ್ಧಪರಿಹಾರವನ್ನು ಐದು ಕೋಟಿ ಡಾಲರಿಗೆ ಮಿತಗೊಳಿಸಿದರು. ಆಗ ಹಲವು ಸರ್ಕಾರಗಳು ತಾವೇ ಹೊಣೆಯಾಗಿ ನಿಂತುದರಿಂದ ವಿಮಾನಗಳು ಹಾರುವುದು ಸಾಧ್ಯವಾಯಿತು.

ಇದರಿಂದ ಒಂದು ವಿಷಯವು ಸ್ಪಷ್ಟವಾಗುತ್ತದೆ. ರಾಜ್ಯವು ಆಕಾಶವನ್ನು ತೆರೆದಿದೆಯೆಂದು ಘೋಷಿಸುವುದು ಸುಲಭ. ಆ ಘೋಷಣೆಯ ಮೇಲೆ ತನ್ನ ಹಣವನ್ನು ಪಣವಾಗಿಡುವವನು ದೊರೆಯುವುದು ಕಷ್ಟ. ಬೆಲೆಯು ವಿಪರೀತವಾದರೆ ಟಿಕೆಟ್ಟಿನ ದರವು ಏರುತ್ತದೆ, ಪ್ರಯಾಣಿಕರು ಕಡಮೆಯಾಗುತ್ತಾರೆ, ಕಂಪೆನಿಯು ಹಿಂದೆಗೆಯುತ್ತದೆ. ದೊಡ್ಡ ಕಂಪೆನಿಗಳು ಬಾರದಿದ್ದರೆ ಜನರು ಪ್ರಯಾಣವನ್ನು ಬಿಡುವರೆಂದು ಮಾತ್ರ ತಿಳಿಯಬಾರದು. ಅವರು ದೊರೆತ ವಿಮಾನವನ್ನು ಹತ್ತಿ ಹೋಗುತ್ತಾರೆ. ಮೊಗಾದಿಶುವಿನಲ್ಲಿ ಆದುದು ಇದೇ.

೪. ಅಪಾಯದ ಸ್ವರೂಪ

ಯುದ್ಧಪ್ರದೇಶದ ಮೇಲೆ ಹಾದುಹೋಗುವುದು ಒಂದು, ಅಲ್ಲಿ ಇಳಿಯುವುದು ಮತ್ತೊಂದು. ಹೆಗಲ ಮೇಲಿಟ್ಟು ಹಾರಿಸುವ ಸಣ್ಣ ಕ್ಷಿಪಣಿಗಳು ಎಂಜಿನ್ನಿನ ಕಾವನ್ನು ಅರಸಿ ಬೆನ್ನಟ್ಟುತ್ತವೆ; ಅವು ಸುಮಾರು ೧೫,೦೦೦ ಅಡಿಗಳೆಂದರೆ ೪,೫೦೦ ಮೀಟರುಗಳ ಎತ್ತರದವರೆಗೆ ಏರಬಲ್ಲುವು. ಹತ್ತು ಸಾವಿರ ಮೀಟರುಗಳಷ್ಟು ಮೇಲೆ ಹೋಗುವ ವಿಮಾನಕ್ಕೆ ಅವುಗಳಿಂದ ಭಯವಿಲ್ಲ. ಅಷ್ಟು ಎತ್ತರಕ್ಕೆ ತಲಪುವುದು ವಾಹನಗಳ ಮೇಲಿಂದ ಹಾರಿಸುವ ದೊಡ್ಡ ಕ್ಷಿಪಣಿಗಳು ಮಾತ್ರ. ಇಳಿಯುವ ವಿಮಾನದ ಪರಿಸ್ಥಿತಿಯು ಹಾಗಲ್ಲ. ಅದು ರೂಢಿಯಂತೆ ಮೂರು ಡಿಗ್ರಿಗಳ ಇಳಿಜಾರಿನಲ್ಲಿ ಬರುವುದಾದರೆ, ನಿಲ್ದಾಣವು ಇನ್ನೂ ೮೫ ಕಿಲೊಮೀಟರುಗಳಷ್ಟು ದೂರವಿರುವಾಗಲೇ ೪,೫೦೦ ಮೀಟರುಗಳ ಗೆರೆಯನ್ನು ದಾಟಿ ಕೆಳಗೆ ಬಂದಿರುತ್ತದೆ. ಅಲ್ಲಿಂದ ಮುಂದೆ ಹಾದಿಯುದ್ದಕ್ಕೂ ಕೆಳಗಿರುವ ಪ್ರತಿಯೊಂದು ಹೊಲವೂ ಪ್ರತಿಯೊಂದು ಮಾಳಿಗೆಯೂ ಶಂಕಾಸ್ಪದ.

೨೦೦೩ನೆಯ ಇಸವಿಯ ನವೆಂಬರ್ ೨೨ರಂದು ಬಾಗ್ದಾದಿನಿಂದ ಹೊರಟ ಸರಕಿನ ವಿಮಾನವೊಂದರ ಎಡರೆಕ್ಕೆಗೆ ಇಂತಹ ಕ್ಷಿಪಣಿಯು ತಗುಲಿತು. ಚುಕ್ಕಾಣಿಯ ಯಂತ್ರಗಳೆಲ್ಲವೂ ಕೆಟ್ಟುಹೋದರೂ, ಒಳಗಿದ್ದ ಮೂವರು ಎಂಜಿನ್ನುಗಳ ವೇಗವನ್ನು ಹೆಚ್ಚು ಕಡಮೆ ಮಾಡುವುದೊಂದರಿಂದಲೇ ಅದನ್ನು ತಿರುಗಿಸಿ ತಂದು ಇಳಿಸಿದರು. ಬಾಗ್ದಾದಿಗೆ ಬರುತ್ತಿದ್ದ ವಿಮಾನಗಳು ನಿಲ್ದಾಣದ ನೆತ್ತಿಗೆ ಬರುವವರೆಗೆ ಎತ್ತರದಲ್ಲಿಯೇ ಇದ್ದು, ಆಮೇಲೆ ಸುತ್ತುಸುತ್ತಾಗಿ ಇಳಿಯುವ ಕ್ರಮವನ್ನು ಅನುಸರಿಸುತ್ತಿದ್ದುದು ಈ ಭಯದಿಂದಲೇ. ಮೊಗಾದಿಶುವಿನ ನಿಲ್ದಾಣಕ್ಕೆ ಪ್ರಕೃತಿಯೇ ಒಂದು ಅನುಕೂಲವನ್ನು ಮಾಡಿಕೊಟ್ಟಿದೆ. ಅದರ ರನ್‌ವೇಯು ಹಿಂದೂ ಮಹಾಸಾಗರದ ಅಂಚಿನಲ್ಲಿಯೇ ಇರುವುದರಿಂದ ವಿಮಾನಗಳು ಊರನ್ನು ಬಿಟ್ಟು ಸಮುದ್ರದ ಮೇಲಿನಿಂದ ಬಂದು ಇಳಿಯಬಹುದು.

೫. ಒಡೆಯನಿಲ್ಲದ ಆಕಾಶ

೧೯೯೧ನೆಯ ಇಸವಿಯ ಜನವರಿಯಲ್ಲಿ ಸಿಯಾದ್ ಬಾರ್ರೆಯ ಆಳಿಕೆಯು ಉರುಳಿಬಿದ್ದು ಸೊಮಾಲಿಯದಲ್ಲಿ ಕೇಂದ್ರ ಸರ್ಕಾರವೆಂಬುದೇ ಇಲ್ಲದಂತಾಯಿತು. ೧೯೬೪ರಲ್ಲಿ ಸ್ಥಾಪಿತವಾಗಿದ್ದ ರಾಷ್ಟ್ರೀಯ ಕಂಪೆನಿಯಾದ ಸೊಮಾಲಿ ಏರ್‌ಲೈನ್ಸ್ ಅದೇ ವರ್ಷ ನಿಂತುಹೋಯಿತು. ಪರಿಹಾರಕಾರ್ಯಕ್ಕೆಂದು ಬಂದಿದ್ದ ವಿಶ್ವಸಂಸ್ಥೆಯ ಪಡೆಗಳು ೧೯೯೫ರ ಮಾರ್ಚಿಯಲ್ಲಿ ಹಿಂದಿರುಗಿದುವು. ರಾಜಧಾನಿಯ ವಿಮಾನನಿಲ್ದಾಣವೂ ಮುಚ್ಚಿತು.

ನೆಲಕ್ಕೆ ಅರಸನಿಲ್ಲದಿದ್ದರೂ ಆಕಾಶವನ್ನು ಹಾಗೆಯೇ ಬಿಡುವಂತಿರಲಿಲ್ಲ. ಸೊಮಾಲಿಯದ ಹೊಣೆಗೆ ಸೇರಿದ ಆಕಾಶಪ್ರದೇಶವು ಹಿಂದೂ ಮಹಾಸಾಗರದ ಮೇಲೆ ಬಹುದೂರದವರೆಗೆ ಚಾಚಿಕೊಂಡಿದೆ. ಭಾರತ ಉಪಖಂಡದಿಂದಲೂ ಅರಬ್ಬೀ ನಾಡುಗಳಿಂದಲೂ ಆಫ್ರಿಕದ ಪೂರ್ವ ದಕ್ಷಿಣ ಭಾಗಗಳಿಗೆ ಹೋಗುವ ಮಾರ್ಗಗಳು ಅದರ ಮೂಲಕ ಹಾಯುತ್ತವೆ. ಆದುದರಿಂದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ೧೯೯೬ರಲ್ಲಿ ನೆರೆಯ ಕೆನ್ಯದ ನೈರೋಬಿ ನಗರದಲ್ಲಿ ಒಂದು ಪಾಲಕ ಕಾರ್ಯಾಲಯವನ್ನು ತೆರೆಯಿತು. ಸೊಮಾಲಿಯದ ಆಕಾಶದಲ್ಲಿ ಹಾದುಹೋಗುವ ವಿಮಾನಗಳಿಂದ ಸಂಗ್ರಹಿಸಿದ ಶುಲ್ಕದಿಂದಲೇ ಅದರ ವೆಚ್ಚವು ನಡೆಯುತ್ತಿದ್ದಿತು. ಅಪ್ರಾಪ್ತ ವಯಸ್ಕನ ಆಸ್ತಿಯನ್ನು ಪಾಲಕನು ನೋಡಿಕೊಳ್ಳುವಂತೆ, ಒಂದು ದೇಶದ ಆಕಾಶವನ್ನು ಪರದೇಶದ ಊರಿನಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ ನೋಡಿಕೊಳ್ಳಬೇಕಾಯಿತು. ಆದರೆ ಈ ಕಾರ್ಯಾಲಯವು ಚಾಲಕರಿಗೆ ಸಮಾಚಾರವನ್ನು ತಿಳಿಸುತ್ತಿದ್ದಿತೇ ಹೊರತು ಅವರ ಸಂಚಾರವನ್ನು ನಿಯಂತ್ರಿಸುತ್ತಿರಲಿಲ್ಲ. ಚಾಲಕರು ತಾವಿರುವ ಸ್ಥಳವನ್ನೂ ಎತ್ತರವನ್ನೂ ರೇಡಿಯೊ ಮೂಲಕ ಸಾರಿಹೇಳುತ್ತ, ಇತರರು ಸಾರಿದುದನ್ನು ಆಲಿಸುತ್ತ, ಒಬ್ಬರಿಗೊಬ್ಬರು ದಾರಿಬಿಟ್ಟು ಹೋಗಬೇಕಾಗಿದ್ದಿತು.

ಕೆಳಗೆ, ನಾಡಿನ ಒಳಗೆ, ವಿಮಾನಗಳ ಓಡಾಟವು ನಿಂತಿರಲಿಲ್ಲ. ೧೯೯೧ರಲ್ಲಿ ಹುಟ್ಟಿದ ಡಾಲ್ಲೊ, ೧೯೯೮ರಲ್ಲಿ ಹುಟ್ಟಿದ ಜುಬ್ಬಾ ಮೊದಲಾದ ಸೊಮಾಲಿ ಕಂಪೆನಿಗಳು ದೇಶವನ್ನು ಹೊರಜಗತ್ತಿಗೆ ಸೇರಿಸಿದುವು. ರಾಜಧಾನಿಯ ನಿಲ್ದಾಣವು ಮುಚ್ಚಿದ್ದಾಗ ಊರಿನಿಂದ ಸುಮಾರು ೫೦ ಕಿಲೊಮೀಟರು ದೂರದಲ್ಲಿದ್ದ, ಆ ದೂರದಿಂದಲೇ ಹೆಸರು ಪಡೆದ ‘ಕೆ-೫೦’ ಎಂಬ ಬಯಲು ನಿಲ್ದಾಣವು ಬಳಕೆಯಲ್ಲಿದ್ದಿತು. ಪರದೇಶಗಳಲ್ಲಿ ನೆಲಸಿದ ಸೊಮಾಲಿಗಳು ಮುಪ್ಪಿನ ತಾಯಿತಂದೆಗಳನ್ನು ನೋಡುವುದಕ್ಕೂ, ರೋಗಿಗಳು ಚಿಕಿತ್ಸೆಗಾಗಿ ಹೊರಗೆ ಹೋಗುವುದಕ್ಕೂ ಇದ್ದ ವಿಮಾನದಾರಿಯು ಇದೇ. ಅಪಾಯವೇನೋ ಇದ್ದೇ ಇದ್ದಿತು. ಅದನ್ನು ಅಳೆಯುವವರಾಗಲಿ ಅದಕ್ಕೆ ಉತ್ತರ ಹೇಳುವವರಾಗಲಿ ಇರಲಿಲ್ಲ.

೨೦೦೬ರ ನಡುವಿನಲ್ಲಿ ಇಸ್ಲಾಮೀ ನ್ಯಾಯಾಲಯಗಳ ಒಕ್ಕೂಟವು ನಗರವನ್ನು ವಶಪಡಿಸಿಕೊಂಡಾಗ ನಿಲ್ದಾಣವು ಮತ್ತೆ ತೆರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಇಥಿಯೋಪಿಯದ ವಿಮಾನಗಳು ಅದರ ಮೇಲೆ ಬಾಂಬು ಹಾಕಿದುವು. ೨೦೦೭ರ ಮಾರ್ಚಿಯಲ್ಲಿ ಆಫ್ರಿಕ ಒಕ್ಕೂಟದ ಶಾಂತಿಪಾಲನೆಗಾಗಿ ಯುಗಾಂಡದ ಸೈನಿಕರು ಅಲ್ಲಿಗೇ ಬಂದಿಳಿದು ನಿಲ್ದಾಣವನ್ನು ತಮ್ಮ ನೆಲೆಯಾಗಿ ಮಾಡಿಕೊಂಡರು. ಆ ತಿಂಗಳು ೨೩ರಂದು ಬೆಲರೂಸಿನ ಸರಕಿನ ವಿಮಾನವೊಂದು ಮೇಲೇಳುತ್ತಿರುವಾಗಲೇ ಹೊಡೆದುರುಳಿಸಲ್ಪಟ್ಟು ಅದರಲ್ಲಿದ್ದ ಹನ್ನೊಂದು ಮಂದಿಯೂ ಸತ್ತರು.

೬. ೨೦೧೨ನೆಯ ಇಸವಿಯ ಪುನರಾರಂಭ

೨೦೧೧ನೆಯ ಇಸವಿಯ ಜುಲೈ ೨೦ರಂದು ದಕ್ಷಿಣ ಸೊಮಾಲಿಯದ ಎರಡು ಪ್ರಾಂತಗಳಲ್ಲಿ ಕ್ಷಾಮವುಂಟಾಗಿದೆಯೆಂದು ವಿಶ್ವಸಂಸ್ಥೆಯು ಘೋಷಿಸಿತು. ಆ ಕ್ಷಾಮದಲ್ಲಿ ಸುಮಾರು ಎರಡು ಲಕ್ಷ ಐವತ್ತೆಂಟು ಸಾವಿರ ಜನ ಮಡಿದರೆಂದು ಆಮೇಲೆ ಅಂದಾಜು ಮಾಡಲಾಯಿತು. ಆಗಸ್ಟ್ ೬ರಂದು ಅಲ್-ಶಬಾಬ್ ಎಂಬ ಬಂಡುಕೋರರ ಪಡೆಯು ರಾಜಧಾನಿಯಿಂದ ಹಿಂದೆಗೆಯಿತು. ಎರಡು ವಾರಗಳೊಳಗೆ, ಆಗಸ್ಟ್ ೧೯ರಂದು, ತುರ್ಕಿಯ ಅಂದಿನ ಪ್ರಧಾನಮಂತ್ರಿ ಎರ್ದೊಆನರು ಪರಿವಾರಸಮೇತರಾಗಿ ಮೊಗಾದಿಶುವಿಗೆ ಬಂದರು. ಅದೇ ವರ್ಷ ತುರ್ಕಿಯ ರಾಯಭಾರ ಕಾರ್ಯಾಲಯವು ಮತ್ತೆ ತೆರೆಯಿತು. ಇವೆಲ್ಲದರ ಮುಂದುವರಿಕೆಯಾಗಿ, ಟರ್ಕಿಷ್ ಏರ್‌ಲೈನ್ಸ್ ಕಂಪೆನಿಯು ೨೦೧೨ರ ಮಾರ್ಚಿ ೬ರಂದು ಇಸ್ತಾಂಬುಲಿನಿಂದ ಸೂಡಾನಿನ ಖಾರ್ಟೂಮ್ ಮಾರ್ಗವಾಗಿ ವಾರಕ್ಕೆರಡು ಸಲ ಬರುವ ಸಂಚಾರವನ್ನು ಆರಂಭಿಸಿತು. ಮೊದಲನೆಯ ವಿಮಾನದಲ್ಲಿ ತುರ್ಕಿಯ ಉಪಪ್ರಧಾನಿಯೂ ಪ್ರಯಾಣಮಾಡಿದರು.

ಈ ಆರಂಭದಲ್ಲಿ ಗಮನಿಸತಕ್ಕ ಅಂಶಗಳು ಮೂರು. ಮೊದಲನೆಯದಾಗಿ, ನಿರ್ಣಯವು ಕೇವಲ ವರ್ತಕರದಾಗಿರಲಿಲ್ಲ. ಕಂಪೆನಿಯ ಬಂಡವಾಳದಲ್ಲಿ ತುರ್ಕಿಯ ಸರ್ಕಾರಕ್ಕೂ ದೊಡ್ಡ ಪಾಲು ಇದ್ದುದರಿಂದ, ಬರಿಯ ಲಾಭದ ಲೆಕ್ಕಕ್ಕೆ ಒಗ್ಗದ ಮಾರ್ಗವನ್ನು ರಾಜನೀತಿಯು ಬೆಂಬಲಿಸಿತು. ಎರಡನೆಯದಾಗಿ, ಆರಂಭವು ಅಳತೆಗೊಳಪಟ್ಟಿದ್ದಿತು. ವಾರಕ್ಕೆ ಎರಡೇ ಸಲ ಬರುವ ವಿಮಾನಕ್ಕೆ ತೊಂದರೆಯ ಸೂಚನೆ ಕಂಡೊಡನೆ ನಿಲ್ಲುವುದು ಸುಲಭ. ಮೂರನೆಯದಾಗಿ, ನಿಲ್ದಾಣದ ವ್ಯವಸ್ಥೆಯನ್ನೇ ತಿದ್ದುವ ಕೆಲಸವು ಇದರ ಜೊತೆಗೆ ನಡೆಯಿತು. ೨೦೧೩ರಲ್ಲಿ ತುರ್ಕಿಯ ಸಂಸ್ಥೆಯೊಂದು ನಿಲ್ದಾಣದ ಆಡಳಿತವನ್ನು ವಹಿಸಿಕೊಂಡಿತು. ಹೊಸ ಪ್ರಯಾಣಿಕರ ಕಟ್ಟಡವು ೨೦೧೫ರ ಜನವರಿಯಲ್ಲಿ ತೆರೆಯಿತು.

ಆದರೆ ವಿಮಾನವು ಬಂದಿತೆಂದು ಶಾಂತಿಯು ಬಂದಂತಾಗಲಿಲ್ಲ. ಮೊದಲನೆಯ ವಿಮಾನವಿಳಿದು ಒಂದು ತಿಂಗಳು ತುಂಬುವುದಕ್ಕೆ ಮುನ್ನವೇ, ಏಪ್ರಿಲ್ ೪ರಂದು, ಹೊಸದಾಗಿ ತೆರೆದಿದ್ದ ರಾಷ್ಟ್ರೀಯ ನಾಟಕಶಾಲೆಯಲ್ಲಿ ಬಾಂಬು ಸಿಡಿದು ದೇಶದ ಒಲಿಂಪಿಕ್ ಸಮಿತಿಯ ಅಧ್ಯಕ್ಷರೂ ಕಾಲ್ಚೆಂಡಾಟದ ಸಂಘದ ಅಧ್ಯಕ್ಷರೂ ಮಡಿದರು. ಅದಾದ ಮೇಲೂ ವಿಮಾನಸಂಚಾರವು ಕೈಬಿಡಲ್ಪಡಲಿಲ್ಲ. ಊರು ಸುರಕ್ಷಿತವಾಗಿಲ್ಲದಿದ್ದರೂ ನಿಲ್ದಾಣವನ್ನೂ ಸಮುದ್ರದ ಕಡೆಯ ಹಾದಿಯನ್ನೂ ಕಾಯಬಹುದೆಂಬ ಲೆಕ್ಕವೇ ಇದಕ್ಕೆ ಆಧಾರ. ಕದನಭೂಮಿಗೆ ನಡೆಯುವ ಸಂಚಾರವು ಇಂತಹ ಸಣ್ಣದೊಂದು ರಕ್ಷಿತ ವಲಯವನ್ನು ನೆಚ್ಚಿಕೊಂಡಿರುತ್ತದೆ.

೭. ಒಳಗಿನ ಅಪಾಯ, ತಪ್ಪು ಗುರುತಿನ ಅಪಾಯ

ಆ ರಕ್ಷಿತ ವಲಯವು ಹೇಗೆ ಭೇದಿಸಲ್ಪಡಬಹುದೆಂಬುದನ್ನು ೨೦೧೬ನೆಯ ಇಸವಿಯ ಫೆಬ್ರವರಿ ೨ರ ಘಟನೆಯು ತೋರಿಸಿಕೊಟ್ಟಿತು. ಅಂದು ೭೪ ಮಂದಿ ಪ್ರಯಾಣಿಕರೊಡನೆ ಜಿಬೂಟಿಗೆ ಹೊರಟಿದ್ದ ಡಾಲ್ಲೊ ಕಂಪೆನಿಯ ವಿಮಾನದಲ್ಲಿ, ಏರಿದ ಕೆಲವು ನಿಮಿಷಗಳಲ್ಲಿಯೇ ಬಾಂಬು ಸಿಡಿದು ಪಕ್ಕದ ಗೋಡೆಯಲ್ಲಿ ದೊಡ್ಡ ರಂಧ್ರವಾಯಿತು. ಬಾಂಬನ್ನು ತಂದಿದ್ದವನು ಹೊರಕ್ಕೆ ಎಸೆಯಲ್ಪಟ್ಟು ಸತ್ತನು, ಉಳಿದವರು ಬದುಕಿದರು. ವಿಮಾನವು ತಡವಾಗಿ ಹೊರಟುದರಿಂದ ಸ್ಫೋಟದ ವೇಳೆಗೆ ಅದು ಇನ್ನೂ ಪೂರ್ಣವಾದ ಎತ್ತರವನ್ನು ಮುಟ್ಟಿರಲಿಲ್ಲ. ಎತ್ತರದಲ್ಲಿ ಹೊರಗಣ ಗಾಳಿಯು ತೆಳುವಾಗಿ ಒಳಗಣ ಒತ್ತಡವು ಹೊರಗಿನದಕ್ಕಿಂತ ಬಹಳ ಹೆಚ್ಚಾಗಿರುತ್ತದೆ. ಅಲ್ಲಿ ಇಷ್ಟೇ ಸ್ಫೋಟವು ವಿಮಾನವನ್ನೇ ಸೀಳಿಹಾಕಬಹುದಾಗಿದ್ದಿತು. ಪ್ರಯಾಣಿಕರಲ್ಲಿ ಬಹುಮಂದಿ ಅಂದು ರದ್ದಾದ ಟರ್ಕಿಷ್ ಏರ್‌ಲೈನ್ಸ್ ವಿಮಾನಕ್ಕೆ ಟಿಕೆಟ್ಟು ಪಡೆದಿದ್ದವರೆಂದು ಡಾಲ್ಲೊ ಕಂಪೆನಿಯು ತಿಳಿಸಿತು. ಮಡಿಲಗಣಕಯಂತ್ರವೊಂದರಲ್ಲಿ ಅಡಗಿಸಿದ್ದ ಬಾಂಬನ್ನು ತಪಾಸಣೆಯ ಸ್ಥಳವನ್ನು ದಾಟಿದ ಮೇಲೆ ನಿಲ್ದಾಣದೊಳಗಿನವರೇ ಆ ಪ್ರಯಾಣಿಕನ ಕೈಗೆ ಕೊಟ್ಟಿದ್ದರು. ಗೋಡೆಗಳೂ ಸೈನಿಕರೂ ಕಾಯುವುದು ಹೊರಗಿನ ವೈರಿಯನ್ನು. ಸಂಬಳ ಪಡೆದು ಒಳಗೆ ಓಡಾಡುವವನನ್ನು ಕಾಯುವುದಕ್ಕೆ ಬೇರೆಯೇ ಬಗೆಯ ಎಚ್ಚರವು ಬೇಕು.

ಮತ್ತೊಂದು ಬಗೆಯ ಅಪಾಯವು ೨೦೨೦ನೆಯ ಇಸವಿಯ ಮೇ ೪ರಂದು ಬರ್ದಾಲೆ ಎಂಬ ಊರಿನಲ್ಲಿ ಕಂಡುಬಂದಿತು. ಕೋವಿಡ್ ರೋಗದ ವಿರುದ್ಧ ಬಳಸುವ ಸಾಮಗ್ರಿಗಳನ್ನು ಸಾಗಿಸುತ್ತಿದ್ದ ಸಣ್ಣ ವಿಮಾನವನ್ನು ಅಲ್ಲಿದ್ದ ಇಥಿಯೋಪಿಯದ ಸೈನಿಕರು ಆತ್ಮಹತ್ಯೆಯ ದಾಳಿಗೆ ಬಂದುದೆಂದು ಭ್ರಮಿಸಿ ಹೊಡೆದುರುಳಿಸಿದರು. ಆರು ಮಂದಿ ಸತ್ತರು. ಈ ಸೈನಿಕರು ಬಂಡುಕೋರರಲ್ಲ, ಸರ್ಕಾರಕ್ಕೆ ನೆರವಾಗಿದ್ದವರು. ಟೆಹರಾನಿನಲ್ಲಿಯೂ ನಡೆದುದು ಇಂತಹುದೇ: ಶತ್ರುವಿನ ಆಕ್ರಮಣವನ್ನು ಎದುರುನೋಡುತ್ತಿದ್ದ ಕಾವಲುಗಾರನು ಪ್ರಯಾಣಿಕರ ವಿಮಾನವನ್ನು ಶತ್ರುವೆಂದು ತಿಳಿದನು. ವಿಮಾನವು ಬರುವ ಹೊತ್ತನ್ನೂ ಹಾದಿಯನ್ನೂ ಆಯುಧವನ್ನು ಹಿಡಿದಿರುವ ಪ್ರತಿಯೊಂದು ಪಡೆಗೂ ಮುಂಚಿತವಾಗಿ ತಿಳಿಸುವ ಏರ್ಪಾಡಿಲ್ಲದೆ ಆರಂಭಿಸಿದ ಸಂಚಾರವು ಮಿತ್ರನಿಂದಲೇ ನಾಶವಾಗಬಹುದು.

೮. ಆಕಾಶವು ಮರಳಿದುದು

ಡಾಲ್ಲೊ ವಿಮಾನದ ಸ್ಫೋಟವಾದ ಮೇಲೂ ಮೊಗಾದಿಶುವಿಗೆ ಬರುವ ಕಂಪೆನಿಗಳು ಹೆಚ್ಚುತ್ತಲೇ ಹೋದುವು. ಇಥಿಯೋಪಿಯನ್ ಏರ್‌ಲೈನ್ಸ್ ಸುಮಾರು ನಾಲ್ಕು ದಶಕಗಳ ತರುವಾಯ ೨೦೧೮ರ ನವೆಂಬರಿನಲ್ಲಿಯೂ, ಕತಾರ್ ಏರ್‌ವೇಸ್ ೨೦೧೯ರ ಜುಲೈಯಲ್ಲಿಯೂ ಬಂದುವು. ಇದಕ್ಕಿಂತಲೂ ಮುಖ್ಯವಾದುದು ೨೦೧೭ನೆಯ ಇಸವಿಯ ಡಿಸೆಂಬರ್ ೨೮ರಂದು ನಡೆದ ಸಂಗತಿ. ಅಂದು ಆಕಾಶದ ಪಾಲನೆಯು ನೈರೋಬಿಯಿಂದ ಮೊಗಾದಿಶುವಿಗೆ, ಸೊಮಾಲಿಯದ ಸರ್ಕಾರದ ಕೈಗೆ, ಮರಳಿತು. ೨೦೨೩ನೆಯ ಇಸವಿಯ ಜನವರಿ ೨೬ರಿಂದ ಮೇಲಣ ಆಕಾಶವು ಮತ್ತೆ ‘ಎ’ ದರ್ಜೆಗೆ ಸೇರಿತು. ಎಂದರೆ, ಮೂವತ್ತು ವರ್ಷಗಳಿಗೂ ಮಿಕ್ಕಿ ತಮ್ಮ ತಮ್ಮೊಳಗೆ ಕೂಗಿ ಹೇಳಿಕೊಂಡು ಹೋಗುತ್ತಿದ್ದ ವಿಮಾನಗಳ ನಡುವಣ ಅಂತರವನ್ನು ಕಾಯುವ ಕೆಲಸವನ್ನು ನೆಲದ ಮೇಲಿನ ನಿಯಂತ್ರಕರು ಮತ್ತೆ ಕೈಕೊಂಡರು. ಮೊದಲನೆಯ ದೊಡ್ಡ ವಿಮಾನವಿಳಿದು ಆಗಲೇ ಹನ್ನೊಂದು ವರ್ಷಗಳು ತುಂಬುತ್ತ ಬಂದಿದ್ದುವು. ಪುನರಾರಂಭವೆಂಬುದು ಒಂದು ದಿನದ ಸಮಾರಂಭದಲ್ಲಿ ಮುಗಿಯುವ ಕಾರ್ಯವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಡ.

೯. ಉಪಸಂಹಾರ

ಮೇಲೆ ಹೇಳಿದ ಸಂಗತಿಗಳಿಂದ ಹೊರಡುವ ಸಾರಾಂಶವಿದು. ಕದನಭೂಮಿಗೆ ವಿಮಾನಗಳು ಮರಳಿದುವೆಂದರೆ ಅಪಾಯವು ನೀಗಿತೆಂದು ಅರ್ಥವಲ್ಲ; ಇದುವರೆಗೆ ಯಾರ ಲೆಕ್ಕಕ್ಕೂ ಬಾರದೆ ಪ್ರಯಾಣಿಕನೊಬ್ಬನೇ ಹೊರುತ್ತಿದ್ದ ಅಪಾಯಕ್ಕೆ ಉತ್ತರ ಹೇಳಬೇಕಾದವರು ಏರ್ಪಟ್ಟರೆಂದು ಅರ್ಥ. ಮೊಗಾದಿಶುವಿನ ಜನರು ೨೦೧೨ಕ್ಕೆ ಮೊದಲೂ ಹಾರುತ್ತಿದ್ದರು. ದೊಡ್ಡ ಕಂಪೆನಿಯು ಬಂದಾಗ ಅದರೊಡನೆ ಸ್ವದೇಶದ ಸರ್ಕಾರದ ಮೇಲ್ವಿಚಾರಣೆಯೂ, ವಿಮೆಗಾರನ ಲೆಕ್ಕಾಚಾರವೂ, ನಿಲ್ದಾಣದ ಸುಧಾರಣೆಯೂ ಬಂದುವು.

ಆದುದರಿಂದ ಇಂತಹ ಸಂಚಾರವನ್ನು ಮತ್ತೆ ಆರಂಭಿಸುವಾಗ, ಕದನವು ನಿಂತಿದೆಯೇ ಎಂದು ಕೇಳುವುದರ ಜೊತೆಗೆ, ಅಪಾಯವನ್ನು ಅರಿತವರು ಅದನ್ನು ಮರೆಮಾಚದೆ ಹೇಳುತ್ತಿರುವರೇ, ಆಯುಧಧಾರಿಗಳೆಲ್ಲರಿಗೂ ವಿಮಾನದ ಬರವು ತಿಳಿದಿದೆಯೇ, ನಿಲ್ದಾಣದ ಒಳಗಿನವರ ಮೇಲೆ ಕಣ್ಣಿದೆಯೇ ಎಂದೂ ಕೇಳಬೇಕು. ಇವುಗಳಿಗಿಂತ ಹೆಚ್ಚಿನ ಪ್ರಶ್ನೆಯು ಇನ್ನೊಂದಿದೆ: ಆರಂಭಿಸಿದುದನ್ನು ಸಂಕೋಚವಿಲ್ಲದೆ ಅಂದಂದೇ ನಿಲ್ಲಿಸುವ ಅಧಿಕಾರವು ಯಾರಲ್ಲಿದೆ? ೨೦೧೪ರಲ್ಲಿಯೂ ೨೦೨೦ರಲ್ಲಿಯೂ ನೂರಾರು ಮಂದಿ ಮಡಿದುದು ಆಕಾಶವನ್ನು ತೆರೆದುದರಿಂದಲ್ಲ. ಮುಚ್ಚಬೇಕಾದ ಹೊತ್ತಿಗೆ ಮುಚ್ಚದೆ ಹೋದುದರಿಂದ. ವಿಮಾನವನ್ನು ಕಳುಹಿಸುವ ಧೈರ್ಯವಿರುವವರಿಗೆ ಅದನ್ನು ತಡೆದು ನಿಲ್ಲಿಸುವ ಧೈರ್ಯವೂ ಅಷ್ಟೇ ಅವಶ್ಯಕವಾಗಿರುವುದು.